ಸ್ತ್ರೀಯರ ಶರೀರಸ್ವಾತಂತ್ರ್ಯವೂ ಸರ್ವೋಚ್ಚ ನ್ಯಾಯಾಲಯದ ತೀರ್ಪೂ

2022ನೆಯ ಇಸವಿ ಸಪ್ಟೆಂಬರ 29ರಂದು ದಿಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ತೀರ್ಪೊಂದರ ಕಡೆಗೆ ನಮ್ಮ ವಾಚಕರ ಲಕ್ಷ್ಯವನ್ನು ಸೆಳೆಯುವದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ಈ ದೇಶದ ಕಾಯದೆಯು ಬಸಿರನ್ನು ಮುಗಿಸಿಕೊಳ್ಳಲು ಹೆಂಗಸರಿಗೆ ಯಾವ ಯಾವ ಪ್ರಸಂಗಗಳಲ್ಲಿ ಅನುಮತಿ ಕೊಟ್ಟಿದೆಯೋ ಆ ಪ್ರಸಂಗಗಳಲ್ಲಿ ಮದುವೆಯಾದವಳೆಂದೂ ಮದುವೆಯಾಗದವಳೆಂದೂ ಭೇದವೆಣಿಸಲಾಗದೆಂಬದು ಆ ತೀರ್ಪಿನ ತಿರುಳು. ತೀರ್ಪು ಹೊರಬಿದ್ದು ವರ್ಷಗಳು ಸಂದಿವೆ. ಪಂಡಿತರು ಅದನ್ನು ಕುರಿತು ಬರೆದಿದ್ದಾರೆ, ವಕೀಲರು ವಾದಿಸಿದ್ದಾರೆ. ಆದರೆ ತುಂಗಭದ್ರೆಯ ಸೀಮೆಯಲ್ಲಿರುವ ಹರಪನಹಳ್ಳಿ ತಾಲೂಕಿನ ಹಲವಾಗಲಿನಂಥ ಗ್ರಾಮಕ್ಕೆ ಅದು ತಲುಪಿದೆಯೆಂದು ಹೇಳುವ ಧೈರ್ಯ ನಮಗಿಲ್ಲ. ನ್ಯಾಯಾಲಯದಲ್ಲಿ ಗೆದ್ದ ಹಕ್ಕು ದವಾಖಾನೆಯ ಬಾಗಿಲಲ್ಲಿ ಸೋಲುವದಾದರೆ ಅಂಥ ಗೆಲುವಿನಿಂದ ಯಾರಿಗೆ ಏನು ಪ್ರಯೋಜನ?

ಇದು ಸಭ್ಯರು ಬಾಯಿಬಿಟ್ಟು ಆಡತಕ್ಕ ವಿಷಯವಲ್ಲವೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅಂಥವರನ್ನು ನಾವು ವಿನಯದಿಂದ ಒಂದು ಮಾತು ಕೇಳುತ್ತೇವೆ. ಬಸಿರು ತೆಗೆಸುವದು ನಮ್ಮ ಊರುಗಳಲ್ಲಿ ಹಿಂದೆ ಇರಲಿಲ್ಲವೇ? ಕಡ್ಡಿ, ಕಷಾಯ, ಹಳ್ಳಿಯ ಮದ್ದು ಎಂಬ ಹೆಸರಿನಲ್ಲಿ ಎಷ್ಟು ಜೀವಗಳು ಕತ್ತಲೆಯ ಕೋಣೆಗಳಲ್ಲಿ ಆರಿಹೋಗಿಲ್ಲ? ನಾವು ಮಾತನಾಡದಿದ್ದ ಮಾತ್ರದಿಂದ ಈ ಸಂಗತಿ ಇಲ್ಲದಾಗಲಿಲ್ಲ. ಅದರ ಭಾರವೆಲ್ಲ ಹೆಂಗಸಿನ ತಲೆಯ ಮೇಲೆ ಬಿತ್ತು, ಅಷ್ಟೇ. 2015ನೆಯ ಇಸವಿಯಲ್ಲಿ ಭರತಖಂಡದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳು ನಡೆದುವೆಂದೂ ಅವುಗಳಲ್ಲಿ ಆಸ್ಪತ್ರೆಗಳಲ್ಲಿ ನಡೆದವು ಕಾಲುಪಾಲಿಗೂ ಕಡಿಮೆಯೆಂದೂ 2018ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು ಲೆಕ್ಕ ಹಾಕಿತು. ಉಳಿದವುಗಳಲ್ಲಿ ಬಹುಪಾಲು ಅಂಗಡಿಯಿಂದ ತಂದ ಗುಳಿಗೆಗಳಿಂದ ನಡೆದವು. ಕಾಯದೆಯು ಅರ್ಧ ಶತಮಾನದ ಹಿಂದೆಯೇ ಆಸ್ಪತ್ರೆಯ ಬಾಗಿಲು ತೆರೆದಿದ್ದರೂ ಮುಕ್ಕಾಲು ಪಾಲು ಹೆಂಗಸರು ಆ ಬಾಗಿಲಿಗೆ ಬರುವದಿಲ್ಲವೆಂದರೆ ಅದರ ಕಾರಣವನ್ನು ವಿಚಾರಿಸಬೇಕಾದವರು ನಾವೇ ಅಲ್ಲವೇ?

ಮೊದಲು ಮೊಕದ್ದಮೆಯ ಸಂಗತಿಯನ್ನು ತಿಳಿಯೋಣ. ಅರ್ಜಿದಾರಳು ಇಪ್ಪತ್ತೈದು ವರ್ಷದ ಅವಿವಾಹಿತ ತರುಣಿ. ಒಕ್ಕಲುತನದ ಮನೆಯಲ್ಲಿ ಐವರು ಮಕ್ಕಳಲ್ಲಿ ಹಿರಿಯಳಾಗಿ ಹುಟ್ಟಿ, ಪದವಿ ಪಡೆದು, ದಿಲ್ಲಿಯಲ್ಲಿ ವಾಸವಾಗಿದ್ದವಳು. ಮದುವೆಯಾಗುವ ಭರವಸೆ ಕೊಟ್ಟಿದ್ದ ಗೆಳೆಯನು ಕಡೆಯ ಗಳಿಗೆಯಲ್ಲಿ ಹಿಂಜರಿದನು. ಆಗ ಆಕೆಗೆ ಇಪ್ಪತ್ತೆರಡು ವಾರಗಳ ಬಸಿರು. ಜೀವನಕ್ಕೆ ಉದ್ಯೋಗವಿಲ್ಲ, ಬೆನ್ನಿಗೆ ನಿಲ್ಲುವವರಿಲ್ಲ. ಇಪ್ಪತ್ತು ವಾರ ಮೀರಿದ ಮೇಲೆ ಇಪ್ಪತ್ತನಾಲ್ಕು ವಾರಗಳ ವರೆಗೆ ಯಾವ ಹೆಂಗಸರಿಗೆ ಅನುಮತಿಯುಂಟೆಂದು ನಿಯಮವು ಪಟ್ಟಿ ಮಾಡಿತ್ತು. ಬಲಾತ್ಕಾರಕ್ಕೆ ಗುರಿಯಾದವಳು, ಎಳೆಯ ಪ್ರಾಯದ ಹುಡುಗಿ, ಬಸಿರಿರುವಾಗ ವಿಧವೆಯಾದವಳು ಇಲ್ಲವೆ ವಿಚ್ಛೇದನ ಹೊಂದಿದವಳು, ಅಂಗವೈಕಲ್ಯವುಳ್ಳವಳು ಮೊದಲಾದವರು ಆ ಪಟ್ಟಿಯಲ್ಲಿದ್ದರು. ಗೆಳೆಯನು ಕೈಬಿಟ್ಟ ಅವಿವಾಹಿತೆಯ ಹೆಸರು ಅದರಲ್ಲಿರಲಿಲ್ಲ. ಆದುದರಿಂದ ದಿಲ್ಲಿಯ ಉಚ್ಚ ನ್ಯಾಯಾಲಯವು 2022ರ ಜುಲೈ 15ರಂದು ಆಕೆಯ ಕೋರಿಕೆಯನ್ನು ಮನ್ನಿಸಲಿಲ್ಲ. ಆರೇ ದಿನಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಆಕೆಯ ಪ್ರಾಣಕ್ಕೆ ಅಪಾಯವಿಲ್ಲವೆಂದು ವೈದ್ಯಮಂಡಲಿಯು ಹೇಳಿದರೆ ಬಸಿರನ್ನು ಮುಗಿಸಬಹುದೆಂದು ಮಧ್ಯಂತರ ಆಜ್ಞೆಯನ್ನಿತ್ತಿತು. ಮುಂದೆ ಸವಿಸ್ತರವಾದ ತೀರ್ಪನ್ನು ಕೊಟ್ಟವರು ನ್ಯಾಯಮೂರ್ತಿ ಧನಂಜಯ ಚಂದ್ರಚೂಡ, ನ್ಯಾಯಮೂರ್ತಿ ಎ. ಎಸ್. ಬೋಪಣ್ಣ ಹಾಗೂ ನ್ಯಾಯಮೂರ್ತಿ ಪಾರ್ಡೀವಾಲಾ ಇವರು. ಇವರಲ್ಲಿ ಬೋಪಣ್ಣನವರು ನಮ್ಮ ಕೊಡಗಿನವರೆಂಬದು ಕನ್ನಡಿಗರಿಗೆ ಅಭಿಮಾನದ ವಿಷಯವಾಗಿದೆ.

ತೀರ್ಪು ಅವಿವಾಹಿತೆಯೊಬ್ಬಳ ಸಂಕಟವನ್ನು ಪರಿಹರಿಸುವಷ್ಟಕ್ಕೇ ನಿಲ್ಲಲಿಲ್ಲ. ಗಂಡನೇ ಬಲಾತ್ಕಾರ ಮಾಡಿದುದರಿಂದ ಬಸಿರಾದವಳೂ ಈ ಕಾಯದೆಯ ಮಟ್ಟಿಗೆ ಬಲಾತ್ಕಾರಕ್ಕೆ ಗುರಿಯಾದವಳೆಂದೇ ಪರಿಗಣಿತಳಾಗತಕ್ಕದ್ದೆಂದು ಅದು ಹೇಳಿತು. ಹದಿನೆಂಟು ತುಂಬದ ಹುಡುಗಿಯು ಡಾಕ್ಟರರ ಬಳಿಗೆ ಬಂದಾಗ ಅವರು ಪೋಲೀಸರಿಗೆ ವರದಿ ಕೊಡಲೇಬೇಕೆಂದು ಮಕ್ಕಳ ರಕ್ಷಣೆಯ ಕಾಯದೆಯು ವಿಧಿಸುತ್ತದೆ. ಆದರೆ ಹುಡುಗಿಯೂ ಆಕೆಯ ಪಾಲಕರೂ ಬೇಡವೆಂದು ಕೇಳಿಕೊಂಡಲ್ಲಿ ಆ ವರದಿಯಲ್ಲಿ ಆಕೆಯ ಹೆಸರನ್ನು ತಿಳಿಸಬೇಕಾಗಿಲ್ಲವೆಂದೂ ನ್ಯಾಯಮೂರ್ತಿಗಳು ಸ್ಪಷ್ಟಪಡಿಸಿದರು. ಇನ್ನೊಂದು ಮಾತು ನಮ್ಮ ಅಧಿಕಾರಿಗಳು ಮನನ ಮಾಡತಕ್ಕದ್ದು. ಪ್ರಾಪ್ತವಯಸ್ಕಳೂ ಸ್ವಸ್ಥಚಿತ್ತಳೂ ಆದ ಹೆಂಗಸಿಗೆ ಆಕೆಯ ಸಮ್ಮತಿಯೊಂದೇ ಸಾಕು. ಗಂಡನ ಸಹಿ, ಮನೆಯವರ ಒಪ್ಪಿಗೆ ಎಂದು ಕಾಯದೆಯಲ್ಲಿಲ್ಲದ ಷರತ್ತುಗಳನ್ನು ಡಾಕ್ಟರರು ತಾವಾಗಿ ಹೇರಕೂಡದು.

ಈ ತೀರ್ಪಿನ ಮಹತ್ವವನ್ನು ಅರಿಯಬೇಕಾದರೆ ಹಿಂದಿನ ಇತಿಹಾಸವನ್ನು ತುಸು ತಿರುವಿ ನೋಡಬೇಕು. ಬ್ರಿಟಿಷರು 1860ರಲ್ಲಿ ರಚಿಸಿದ ದಂಡಸಂಹಿತೆಯ 312ನೆಯ ಕಲಮು ಗರ್ಭಪಾತವನ್ನು ಅಪರಾಧವೆಂದು ಸಾರಿತು. ತಾಯಿಯ ಜೀವವನ್ನು ಉಳಿಸುವ ಸದ್ಭಾವನೆಯಿಂದ ಮಾಡಿದುದೊಂದಕ್ಕೆ ಮಾತ್ರ ಅದು ಕ್ಷಮೆಯಿತ್ತಿತು. ಮಾಡಿದವನಿಗಷ್ಟೇ ಅಲ್ಲ, ತಾನಾಗಿ ಮಾಡಿಕೊಂಡ ಹೆಂಗಸಿಗೂ ಶಿಕ್ಷೆ. ಇಂಗ್ಲಂಡದ ಆ ಕಾಲದ ನೀತಿಯನ್ನು ಪರಕೀಯ ಸರಕಾರವು ನಮ್ಮ ತಾಯಂದಿರ ಮೇಲೆ ಹೊರಿಸಿತು. ಆಗ ಬಳ್ಳಾರಿ ಜಿಲ್ಲೆಗೆ ಸೇರಿ ಮದ್ರಾಸ ಇಲಾಖೆಯ ಆಳಿಕೆಯಲ್ಲಿದ್ದ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಸೀಮೆಗಳಿಗೂ ಅದೇ ಕಾಯದೆ. ಇಂಗ್ಲಂಡದವರು 1967ರಲ್ಲಿ ತಮ್ಮ ಕಾಯದೆಯನ್ನು ಸಡಿಲಿಸಿಕೊಂಡರು. ನಮ್ಮಲ್ಲಿ 1964ರಲ್ಲಿ ಶಾಂತಿಲಾಲ ಶಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು 1966ರ ಕೊನೆಗೆ ವರದಿ ಸಲ್ಲಿಸಿ, ಗುಟ್ಟಾಗಿ ನಡೆಯುವ ಗರ್ಭಪಾತಗಳಿಂದ ಸಾಯುವ ಹೆಂಗಸರನ್ನು ಉಳಿಸುವದಕ್ಕಾದರೂ ಕಾಯದೆ ಬದಲಾಗಬೇಕೆಂದು ಶಿಫಾರಸು ಮಾಡಿತು. ಅದರ ಫಲವೇ 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯದೆ. ಅದು 1972ರ ಎಪ್ರಿಲ 1ರಿಂದ ಜಾರಿಗೆ ಬಂದಿತು.

ಆ ಕಾಯದೆಯಲ್ಲಿಯೂ ಒಂದು ಓರೆ ಉಳಿದಿತ್ತು. ಗರ್ಭನಿರೋಧದ ಸಾಧನವು ವಿಫಲವಾಗಿ ಬಸಿರಾದರೆ, ಅದರಿಂದಾಗುವ ಸಂಕಟವು ಮನಸ್ಸಿನ ಆರೋಗ್ಯಕ್ಕೆ ತೀವ್ರವಾದ ಪೆಟ್ಟೆಂದು ಎಣಿಸಬಹುದೆಂದು ಕಾಯದೆಯು ಹೇಳಿತ್ತು. ಆದರೆ ಈ ಅನುಕೂಲವನ್ನು ‘ವಿವಾಹಿತ ಸ್ತ್ರೀ ಅಥವಾ ಆಕೆಯ ಪತಿ’ ಎಂದಷ್ಟೇ ಬರೆದಿಟ್ಟಿತ್ತು. ಮದುವೆಯಾಗದವಳಿಗೆ ಮನಸ್ಸೇ ಇಲ್ಲವೆಂಬಂತೆ! 2021ರ ತಿದ್ದುಪಡಿಯು ಆ ಮಾತನ್ನು ತೆಗೆದು ‘ಯಾವದೇ ಸ್ತ್ರೀ ಅಥವಾ ಆಕೆಯ ಸಂಗಾತಿ’ ಎಂದು ಬದಲಿಸಿತು. ಶಾಸನಸಭೆಯು ಒಂದು ಕಡೆಯಲ್ಲಿ ಬಾಗಿಲು ತೆರೆದು, ನಿಯಮಗಳನ್ನು ಮಾಡಿದವರು ಇನ್ನೊಂದು ಕಡೆಯಲ್ಲಿ ಮುಚ್ಚುವದು ಸಲ್ಲದೆಂಬದೇ 2022ರ ತೀರ್ಪಿನ ತರ್ಕವಾಗಿದೆ. ಇದರಲ್ಲಿ ನ್ಯಾಯವಲ್ಲದ್ದು ಯಾವದೆಂದು ನಮಗೆ ತಿಳಿಯದು.

ಈ ತರ್ಕಕ್ಕೆ ಬುನಾದಿಯನ್ನು ಹಾಕಿಕೊಟ್ಟದ್ದು ಕನ್ನಡ ನಾಡಿನ ಹಿರಿಯರೊಬ್ಬರ ಹೆಸರಿನ ಮೊಕದ್ದಮೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಖಾಸಗಿತನವೆಂಬ ಮೂಲಭೂತ ಹಕ್ಕೇ ಸಂವಿಧಾನದಲ್ಲಿಲ್ಲವೆಂದು ಸರಕಾರದ ಪರವಾಗಿ ವಾದವಾಯಿತು. ಅದಕ್ಕೆ 1954ರ ಮತ್ತು 1962ರ ಹಳೆಯ ತೀರ್ಪುಗಳ ಆಧಾರವನ್ನು ತೋರಿಸಲಾಯಿತು. 2017ರ ಆಗಸ್ಟ 24ರಂದು ಒಂಬತ್ತು ಜನ ನ್ಯಾಯಮೂರ್ತಿಗಳ ಪೀಠವು ಏಕಕಂಠದಿಂದ, ಖಾಸಗಿತನವು ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನಲ್ಲಿಯೇ ಅಡಕವಾದ ಮೂಲಭೂತ ಹಕ್ಕೆಂದು ಸಾರಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಚಲಮೇಶ್ವರರು, ಮಗುವನ್ನು ಹೆರಬೇಕೇ ಬೇಡವೇ ಎಂಬ ಹೆಂಗಸಿನ ಆಯ್ಕೆಯೂ ಖಾಸಗಿತನದ ವ್ಯಾಪ್ತಿಗೆ ಸೇರಿದುದೆಂದು ಬರೆದರು. ಅದಕ್ಕೂ ಮುಂಚೆ, 2009ರಲ್ಲಿ, ಚಂದೀಗಡದ ಅನಾಥ ತರುಣಿಯೊಬ್ಬಳ ಪ್ರಕರಣದಲ್ಲಿ, ಸಂತಾನದ ಆಯ್ಕೆಯು ಸಂವಿಧಾನದ 21ನೆಯ ಅನುಚ್ಛೇದದ ವ್ಯಕ್ತಿಸ್ವಾತಂತ್ರ್ಯದ ಒಂದು ಅಂಗವೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿತ್ತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರು ಹಚ್ಚಿದ ದೀಪದ ಬೆಳಕು ತಾವು ಎಣಿಸಿರದ ಮನೆಗಳಿಗೂ ಮುಟ್ಟಿತು.

ಇನ್ನು ನಮ್ಮ ಹಲವಾಗಲಿನ ಸೀಮೆಗೆ ಬರೋಣ. ಮದುವೆಯಾದವಳು, ಆಗದವಳು ಎಂಬ ಭೇದವು ದಿಲ್ಲಿಯ ತರುಣಿಯರ ವಿಷಯವೆಂದು ತಿಳಿದವರು ಈ ಸೀಮೆಯನ್ನು ಬಲ್ಲವರಲ್ಲ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ತಾಲೂಕುಗಳಲ್ಲಿ ದೇವರ ಹೆಸರಿನಲ್ಲಿ ಹುಡುಗಿಯರಿಗೆ ಮುತ್ತು ಕಟ್ಟುವ ರೂಢಿಯು ತಲೆತಲಾಂತರದಿಂದ ಬೇರುಬಿಟ್ಟದ್ದು. ಅದನ್ನು ನಿಷೇಧಿಸುವ ಕಾಯದೆಯನ್ನು ಮದ್ರಾಸ ಸರಕಾರವು 1947ರಲ್ಲಿ ಮಾಡಿತು. ಈ ತಾಲೂಕುಗಳು ಮೈಸೂರಿಗೆ ಸೇರಿದ್ದು 1953ರಲ್ಲಿ. ಮತ್ತೆ ಕರ್ನಾಟಕ ಸರಕಾರವು 1982ರಲ್ಲಿ ಬೇರೊಂದು ಕಾಯದೆ ಮಾಡಬೇಕಾಯಿತು. 1993-94 ಮತ್ತು 2007-08ರಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಒಟ್ಟು 46,660 ಮಂದಿ ದೇವದಾಸಿಯರನ್ನು ಸರಕಾರವೇ ಗುರುತಿಸಿತು. ಈ ಹೆಂಗಸರು ಕಾಯದೆಯ ದೃಷ್ಟಿಯಲ್ಲಿ ಯಾರು? ವಿವಾಹಿತರಲ್ಲ, ವಿಧವೆಯರಲ್ಲ, ವಿಚ್ಛೇದಿತರಲ್ಲ. ಹೆಸರು ಹೇಳಲು ಗಂಡನಿಲ್ಲ. ಅರ್ಜಿಯ ಮೇಲೆ ಸಹಿ ಹಾಕುವವರಿಲ್ಲ. 1971ರ ಕಾಯದೆಯು ವಿವಾಹಿತೆಗೆ ಕೊಟ್ಟ ಅನುಕೂಲವು ಐವತ್ತು ವರ್ಷ ಇವರ ಪಾಲಿಗೆ ಬರಲಿಲ್ಲ. ಸಮಾಜವು ಯಾರಿಗೆ ಮದುವೆಯನ್ನೇ ನಿರಾಕರಿಸಿತೋ ಅವರಿಗೆ, ಮದುವೆಯಾಗಲಿಲ್ಲವೆಂಬ ಕಾರಣದಿಂದಲೇ ಕಾಯದೆಯ ಆಶ್ರಯವನ್ನೂ ನಿರಾಕರಿಸಿದಂತಾಯಿತು. ಇದಕ್ಕಿಂತ ಕ್ರೂರವಾದ ವಿಪರೀತವುಂಟೇ? 2022ರ ತೀರ್ಪಿನಿಂದ ನಿಜವಾಗಿ ಕಣ್ಣೀರು ಒರೆಸಿಕೊಳ್ಳಬೇಕಾದವರು ಇವರೂ ಇವರ ಹೆಣ್ಣುಮಕ್ಕಳೂ ಎಂದು ನಾವು ನಂಬಿದ್ದೇವೆ.

ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಕುಟುಂಬಗಳ ಸ್ಥಿತಿಯನ್ನೂ ನೆನೆಯಬೇಕು. ದೂರದ ಊರಿನ ಕೂಲಿಯಲ್ಲಿ ಬಸಿರಾದವಳು ಊರಿಗೆ ಮರಳುವ ಹೊತ್ತಿಗೆ ವಾರಗಳು ಉರುಳಿರುತ್ತವೆ. ಈ ವಿಷಯದಲ್ಲಿ ವಾರಗಳ ಲೆಕ್ಕವೇ ಸರ್ವಸ್ವ: ಇಪ್ಪತ್ತು ವಾರಗಳ ವರೆಗೆ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು, ಮುಂದೆ ಇಪ್ಪತ್ತನಾಲ್ಕರ ವರೆಗೆ ಇಬ್ಬರದು ಬೇಕು, ಅದನ್ನೂ ಮೀರಿದರೆ ಶಿಶುವಿನಲ್ಲಿ ಗಣನೀಯವಾದ ವೈಕಲ್ಯವಿದೆಯೆಂದು ವೈದ್ಯಮಂಡಲಿಯು ಹೇಳಬೇಕು, ಇಲ್ಲವೆ ತಾಯಿಯ ಜೀವವನ್ನು ಉಳಿಸುವ ತುರ್ತು ಒದಗಬೇಕು. ಹರಪನಹಳ್ಳಿ ತಾಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಯ ಕೇಂದ್ರ ಹೊಸಪೇಟೆ. ಜನರಿಗೆ ಹತ್ತಿರವಾದ ದೊಡ್ಡ ಪಟ್ಟಣ ದಾವಣಗೆರೆ. ಈ ಕಾಗದದಿಂದ ಆ ಕಾಗದಕ್ಕೆ, ಈ ದವಾಖಾನೆಯಿಂದ ಆ ದವಾಖಾನೆಗೆ ಎಂದು ಬಡವಳನ್ನು ಅಲೆದಾಡಿಸಿದರೆ ಕಳೆಯುವದು ಬಸ್ಸಿನ ದುಡ್ಡಷ್ಟೇ ಅಲ್ಲ. ಕಾಯದೆಯು ಕೊಟ್ಟ ಅವಧಿಯೇ ಕಳೆದುಹೋಗುತ್ತದೆ.

ಈ ತೀರ್ಪಿನ ವಿರುದ್ಧ ಎತ್ತಲಾಗುವ ಆಕ್ಷೇಪಗಳನ್ನು ನಾವು ಹಗುರಾಗಿ ಕಾಣುವದಿಲ್ಲ. ಗರ್ಭದಲ್ಲಿರುವ ಜೀವಕ್ಕೆ ಬೆಲೆಯಿಲ್ಲವೇ ಎಂದು ಕೇಳುವವರ ಅಂತಃಕರಣವನ್ನು ಗೌರವಿಸುತ್ತೇವೆ. ನಮ್ಮ ಕಾಯದೆಯು ಆ ಪ್ರಶ್ನೆಯನ್ನು ಮರೆತಿಲ್ಲ. ವಾರಗಳ ಮಿತಿ ಇರುವದೇ ಅದಕ್ಕಾಗಿ. 2023ರ ಅಕ್ಟೋಬರ 16ರಂದು ಅದೇ ಸರ್ವೋಚ್ಚ ನ್ಯಾಯಾಲಯವು, ಇಪ್ಪತ್ತಾರು ವಾರ ಮೀರಿದ ಬಸಿರನ್ನು ಮುಗಿಸಲು ವಿವಾಹಿತೆಯೊಬ್ಬಳು ಮಾಡಿದ ಕೋರಿಕೆಯನ್ನು, ತಾಯಿಯ ಜೀವಕ್ಕೆ ತತ್‌ಕ್ಷಣದ ಅಪಾಯವಾಗಲಿ ಶಿಶುವಿಗೆ ವೈಕಲ್ಯವಾಗಲಿ ಇಲ್ಲವೆಂಬ ಕಾರಣದಿಂದ ತಳ್ಳಿಹಾಕಿತು. ಆದುದರಿಂದ ಎಲ್ಲೆಯಿಲ್ಲದ ಸ್ವಚ್ಛಂದಕ್ಕೆ ಪರವಾನಗಿ ಸಿಕ್ಕಿತೆಂಬ ಭಯವು ಆಧಾರವಿಲ್ಲದ್ದು. ನಿಜ ಹೇಳಬೇಕೆಂದರೆ ನಮ್ಮ ದೇಶದಲ್ಲಿ ಗರ್ಭಪಾತವು ಇಂದಿಗೂ ಮೂಲತಃ ಅಪರಾಧವೇ ಆಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮು ಹಳೆಯ 312ರ ಸ್ಥಾನದಲ್ಲಿ ನಿಂತಿದೆ. 1971ರ ಕಾಯದೆಯು ಅದಕ್ಕೆ ಕೊಟ್ಟ ವಿನಾಯಿತಿ ಮಾತ್ರ. ಡಾಕ್ಟರರ ಅಭಿಪ್ರಾಯವಿಲ್ಲದೆ ಹೆಂಗಸಿನ ಇಚ್ಛೆಯೊಂದರಿಂದಲೇ ಏನೂ ನಡೆಯುವದಿಲ್ಲ.

ಇನ್ನೊಂದು ಆಕ್ಷೇಪವು ಹೆಣ್ಣು ಭ್ರೂಣಹತ್ಯೆಯದು. 2023ರ ಕೊನೆಯಲ್ಲಿ ಮಂಡ್ಯದ ಕಡೆಯ ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟು ಲಿಂಗಪತ್ತೆ ಮಾಡುತ್ತಿದ್ದ ಜಾಲವು ಹೊರಬಿದ್ದಾಗ ಕನ್ನಡ ನಾಡೇ ನಾಚಿ ತಲೆತಗ್ಗಿಸಿತು. ಆ ಪಾಪಕ್ಕೆ 1994ರ ಕಾಯದೆಯ ಕಠಿನ ಶಿಕ್ಷೆ ಬೀಳಲೇಬೇಕು. ಆದರೆ ಇದರಲ್ಲಿ ವಿವೇಚನೆ ಅವಶ್ಯ. ಗಂಡುಮಗುವಿನ ಹಂಬಲದಿಂದ ಹೆಣ್ಣು ಭ್ರೂಣವನ್ನು ಕೊಲ್ಲಿಸುವಾಗ ಹೆಚ್ಚಾಗಿ ನಿರ್ಧಾರ ಮಾಡುವವರು ಗಂಡ, ಅತ್ತೆ, ಮಾವ; ಬಸುರಿಯ ಮಾತು ನಡೆಯುವದಿಲ್ಲ. ತೀರ್ಪು ಎತ್ತಿಹಿಡಿದದ್ದು ಬಸುರಿಯ ಮಾತನ್ನೇ. ಭ್ರೂಣಹತ್ಯೆಯ ಭಯದಿಂದ ನೊಂದವಳಿಗೆ ಬಾಗಿಲು ಮುಚ್ಚುವದೆಂದರೆ, ಕಳ್ಳನನ್ನು ಹಿಡಿಯಲಾರದೆ ಮನೆಯವರನ್ನೇ ಹೊರಗೆ ಹಾಕಿ ಬೀಗ ಜಡಿದಂತೆ.

ಬಾಗಿಲು ಮುಚ್ಚಿದರೆ ಏನಾಗುವದೆಂಬದನ್ನು ಕನ್ನಡಿಗರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಬೆಳಗಾವಿಯಲ್ಲಿ ದಂತವೈದ್ಯಶಾಸ್ತ್ರವನ್ನು ಕಲಿತು ಐರ್ಲಂಡಕ್ಕೆ ಹೋಗಿದ್ದ ಸವಿತಾ ಹಾಲಪ್ಪನವರ ಎಂಬ ನಮ್ಮ ಮಗಳು 2012ರ ಅಕ್ಟೋಬರ 28ರಂದು ಗಾಲ್ವೇ ಪಟ್ಟಣದ ಆಸ್ಪತ್ರೆಯಲ್ಲಿ ಮೂವತ್ತೊಂದರ ಪ್ರಾಯದಲ್ಲಿ ಮೃತಳಾದಳು. ಹದಿನೇಳು ವಾರಗಳ ಬಸಿರು ಉಳಿಯುವದು ಸಾಧ್ಯವಿಲ್ಲವೆಂದು ತಿಳಿದ ಮೇಲೂ, ಶಿಶುವಿನ ಹೃದಯವು ಮಿಡಿಯುತ್ತಿದೆಯೆಂಬ ಕಾರಣದಿಂದ, ಆಕೆಯು ಕೇಳಿಕೊಂಡರೂ ಬಸಿರನ್ನು ಮುಗಿಸಲಿಲ್ಲ. ನಂಜು ಏರಿ ಶಿಶುವೂ ಹೋಯಿತು, ತಾಯಿಯೂ ಹೋದಳು. ಆ ಸಾವು ಐರ್ಲಂಡದ ಜನರ ಅಂತಃಕರಣವನ್ನು ಕಲಕಿತು. 2018ರ ಮೇ 25ರಂದು ಅವರು ನೂರಕ್ಕೆ ಅರವತ್ತಾರು ಮತಗಳಿಂದ ತಮ್ಮ ಸಂವಿಧಾನದ ಆ ನಿರ್ಬಂಧವನ್ನು ಕಿತ್ತುಹಾಕಿದರು. ಇತ್ತ ಅಮೇರಿಕದ ಸರ್ವೋಚ್ಚ ನ್ಯಾಯಾಲಯವು ಖಾಸಗಿತನದ ಆಧಾರದ ಮೇಲೆ 1973ರಲ್ಲಿ ಮನ್ನಿಸಿದ್ದ ಹಕ್ಕನ್ನು 2022ರ ಜೂನ 24ರಂದು ತಾನೇ ಹಿಂದಕ್ಕೆ ಪಡೆಯಿತು. ಅದಾದ ಮೂರು ತಿಂಗಳಲ್ಲಿ ನಮ್ಮ ನ್ಯಾಯಾಲಯವು ಮುಂದಕ್ಕೆ ಹೆಜ್ಜೆಯಿಟ್ಟಿತು. ಪಶ್ಚಿಮದ ಕಡೆಗೆ ನೋಡಿಯೇ ನಡೆಯಬೇಕೆಂದು ತಿಳಿದವರು ಇದನ್ನು ಗಮನಿಸಲಿ.

ಆದರೆ ತೀರ್ಪನ್ನು ಹೊಗಳಿ ಸುಮ್ಮನಾಗುವದಕ್ಕಾಗಿ ನಾವು ಈ ಲೇಖನವನ್ನು ಬರೆಯಲಿಲ್ಲ. ಹಕ್ಕಿನ ಜೀವವಿರುವದು ಗೌಪ್ಯದಲ್ಲಿ. ಬಸಿರು ಮುಗಿಸಿಕೊಂಡ ಹೆಂಗಸಿನ ಹೆಸರನ್ನು ಬಹಿರಂಗಪಡಿಸಿದ ಡಾಕ್ಟರರಿಗೆ ಒಂದು ವರ್ಷದ ವರೆಗಿನ ಸಜೆಯಾಗಬಹುದೆಂದು 2021ರ ತಿದ್ದುಪಡಿಯು ಹೇಳುತ್ತದೆ. ದವಾಖಾನೆಯ ಆ ದಾಖಲೆಪುಸ್ತಕವೇ ಗುಪ್ತಪತ್ರವೆಂದು ನಿಯಮವಿದೆ. ಆದರೆ ಸಣ್ಣ ಊರಿನಲ್ಲಿ ಗುಟ್ಟು ಒಡೆಯುವದು ಪುಸ್ತಕದಿಂದಲ್ಲ. ಸರತಿಯ ಸಾಲಿನಲ್ಲಿ ಎತ್ತರದ ದನಿಯಲ್ಲಿ ಕೇಳುವ ‘ನಿನ್ನ ಗಂಡ ಎಲ್ಲಿ?’ ಎಂಬ ಒಂದು ಪ್ರಶ್ನೆಯಿಂದ. ಆ ಪ್ರಶ್ನೆಗೆ ಅಂಜಿಯೇ ಹೆಂಗಸರು ಸರಕಾರಿ ದವಾಖಾನೆಯನ್ನು ಬಿಟ್ಟು ಗುಳಿಗೆಯ ಅಂಗಡಿಗೆ ಹೋಗುತ್ತಾರೆ. ರಕ್ತ ಹರಿದು ನಿಲ್ಲದಾದಾಗ ಮಾತ್ರ ಮರಳಿ ಬರುತ್ತಾರೆ.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ತಾಲೂಕಿನ ಪ್ರತಿಯೊಂದು ಸರಕಾರಿ ದವಾಖಾನೆಯಲ್ಲಿ, ಗಂಡನ ಸಹಿ ಬೇಕಾಗಿಲ್ಲವೆಂದೂ ಹೆಸರು ಹೊರಬೀಳದೆಂದೂ ತಿಳಿಗನ್ನಡದಲ್ಲಿ ಬರೆದ ಹಲಗೆಯನ್ನು ತೂಗುಹಾಕಬೇಕು. ಇಂಥ ಕೋರಿಕೆಯೊಡನೆ ಬಂದವಳನ್ನು ಪ್ರತ್ಯೇಕವಾದ ಕೋಣೆಯಲ್ಲಿ, ಆದಷ್ಟು ಮಟ್ಟಿಗೆ ಹೆಂಗಸರೇ ವಿಚಾರಿಸಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ಕಾಯದೆಯ ತಿಳಿವಳಿಕೆಯನ್ನು ಕೊಡಬೇಕು. ವಾರಗಳ ಮಿತಿ ಮೀರುವ ಮುಂಚೆ ಎಚ್ಚರಿಸಬಲ್ಲವರು ಅವರೇ. ಎರಡನೆಯ ಡಾಕ್ಟರರ ಅಭಿಪ್ರಾಯ ಬೇಕಾದಲ್ಲಿ ಅದನ್ನು ದೊರಕಿಸುವ ಹೊಣೆ ದವಾಖಾನೆಯದಾಗಬೇಕೇ ಹೊರತು ಬಸುರಿಯದಾಗಬಾರದು. ಇವುಗಳಿಗೆ ಹೊಸ ಕಾಯದೆ ಬೇಡ. ಇದ್ದ ಕಾಯದೆಯನ್ನು ಓದಿ ನಡೆದರೆ ಸಾಕು.

ನಗರವಾಸಿಗಳಾದ ವಾಚಕರಲ್ಲಿಯೂ ಒಂದು ಮಾತು. ಪರಾಧೀನತೆಯು ಹೋಗಬೇಕೆಂದು ಹೋರಾಡಿದ ಜನ ನಾವು. ತನ್ನ ಶರೀರದ ಮೇಲೆ ತನಗೇ ಅಧಿಕಾರವಿಲ್ಲದವಳಿಗೆ ಸ್ವರಾಜ್ಯವೆಂಬ ಮಾತಿನ ಅರ್ಥವೇನು? ಹಲವಾಗಲಿನ ಒಬ್ಬ ಬಡ ಹೆಂಗಸು ಅಂಜದೆ, ಯಾರ ಸಹಿಯನ್ನೂ ಬೇಡದೆ, ತಾಲೂಕಿನ ದವಾಖಾನೆಗೆ ಹೋಗಿ, ತನಗೆ ಸಲ್ಲತಕ್ಕ ಚಿಕಿತ್ಸೆಯನ್ನು ಪಡೆದು, ಊರಿನ ಬಾಯಿಗೆ ಬೀಳದೆ ಮನೆಗೆ ಮರಳಿದ ದಿನ ಸರ್ವೋಚ್ಚ ನ್ಯಾಯಾಲಯದ ತೀರ್ಪು ನಿಜವಾಗಿ ಜಾರಿಗೆ ಬಂದಿತೆಂದು ನಾವು ತಿಳಿಯುತ್ತೇವೆ. ಆ ದಿನವನ್ನು ಹತ್ತಿರಕ್ಕೆ ತರುವದು ನ್ಯಾಯಮೂರ್ತಿಗಳ ಕೈಯಲ್ಲಿಲ್ಲ. ನಮ್ಮ ಡಾಕ್ಟರರ, ನಮ್ಮ ಅಧಿಕಾರಿಗಳ ಮತ್ತು ನಮ್ಮ ನಾಲಗೆಯ ಸಂಯಮದ ಕೈಯಲ್ಲಿದೆ.